ಸಾಕು ಇಲಿಗಳಲ್ಲಿ ಫಿಟ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಕು ಇಲಿಗೆ ಫಿಟ್ಸ್ ಬಂದದ್ದನ್ನು ಮೊದಲ ಸಲ ಕಂಡವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಒಂದೊಂದಕ್ಕೂ ಉತ್ತರ ಬರೆದಿದ್ದೇನೆ. ಔಷಧಗಳ ಹೆಸರು ಹೇಳಿದ್ದರೂ ಪ್ರಮಾಣವನ್ನು ಎಲ್ಲಿಯೂ ಬರೆದಿಲ್ಲ. ಮುನ್ನೂರು ನಾನೂರು ಗ್ರಾಂ ತೂಗುವ ಪ್ರಾಣಿಯಲ್ಲಿ ಲೆಕ್ಕದ ಒಂದು ದಶಮಾಂಶ ಬಿಂದು ತಪ್ಪಿದರೂ ಪ್ರಾಣಕ್ಕೆ ಸಂಚಕಾರ ಬರುವುದರಿಂದ, ಆ ಲೆಕ್ಕ ಇಲಿಯನ್ನು ತೂಗಿ ನೋಡಿದ ಪಶುವೈದ್ಯರದೇ ಆಗಿರಬೇಕು.

## ಮೊದಲ ಸಲ ಕಂಡಾಗ

ಇದ್ದಕ್ಕಿದ್ದಂತೆ ಪಕ್ಕಕ್ಕೆ ಬಿದ್ದು ಕೈಕಾಲು ಬಡಿಯಿತು. ಇದು ಫಿಟ್ಸೇ?

ಬಹುಮಟ್ಟಿಗೆ ಹೌದು. ಮೆದುಳಿನ ನರಕೋಶಗಳು ಹಿಡಿತ ತಪ್ಪಿ ಒಟ್ಟೊಟ್ಟಿಗೆ ವಿದ್ಯುತ್ ಸಂಕೇತಗಳನ್ನು ಹೊಮ್ಮಿಸಿದಾಗ ಮೈಯಲ್ಲಿ ಕಾಣುವ ಪರಿಣಾಮವೇ ಫಿಟ್ಸ್. ಇಲಿಯಲ್ಲಿ ಅದು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲು ಕೆಲವು ಕ್ಷಣ ಇಲಿ ಇದ್ದಲ್ಲೇ ಸ್ತಬ್ಧವಾಗುತ್ತದೆ, ಅಥವಾ ಕಾರಣವಿಲ್ಲದೆ ಗಾಬರಿಯಿಂದ ಓಡುತ್ತದೆ. ಆಮೇಲೆ ಬಾಯಿ ಚಪ್ಪರಿಸುವುದು, ತಲೆ ಕುಣಿಸುವುದು, ಮುಂಗಾಲುಗಳು ಲಯಬದ್ಧವಾಗಿ ಅದುರುವುದು, ಮೈ ಸೆಟೆದು ಪಕ್ಕಕ್ಕೆ ಉರುಳುವುದು, ಜೊಲ್ಲು ಸುರಿಯುವುದು, ತಿಳಿಯದೆ ಮೂತ್ರ ಹೋಗುವುದು ಇವುಗಳಲ್ಲಿ ಕೆಲವೋ ಎಲ್ಲವೋ ಕಾಣುತ್ತವೆ. ಕೊನೆಗೆ ಸೆಳೆತ ನಿಂತರೂ ಇಲಿ ಮಂಕಾಗಿಯೇ ಇರುತ್ತದೆ: ಕಣ್ಣು ಕಾಣದಂತೆ ತಡವರಿಸುತ್ತದೆ, ಪರಿಚಿತ ದನಿಗೆ ತಿರುಗುವುದಿಲ್ಲ, ಕೆಲವು ಇಲಿಗಳು ವಿಪರೀತ ಹಸಿವಿನಿಂದ ಸಿಕ್ಕಿದ್ದನ್ನೆಲ್ಲ ಮೆಲ್ಲುತ್ತವೆ. ಈ ಮಂಕು ಕೆಲವು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಉಳಿಯಬಹುದು. ಮೂಗು ಕಣ್ಣುಗಳ ಸುತ್ತ ರಕ್ತದಂತೆ ಕೆಂಪು ಕಂಡರೆ ಗಾಬರಿಯಾಗಬೇಡಿ. ಕಣ್ಣಿನ ಹಿಂದಿರುವ ಹಾರ್ಡೇರಿಯನ್ ಗ್ರಂಥಿಯಿಂದ ಒತ್ತಡದ ಸಮಯದಲ್ಲಿ ಒಸರುವ ಪಾರ್ಫಿರಿನ್ ಎಂಬ ವರ್ಣದ್ರವ್ಯ ಹಾಗೆ ಕಾಣುತ್ತದೆ.

ಸೆಳೆತಕ್ಕಿಂತಲೂ ಆಮೇಲಿನ ಈ ಮಂಕನ್ನು ಗಮನಿಸುವುದು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಫಿಟ್ಸನ್ನು ಹೋಲುವ ಬೇರೆ ಅನೇಕ ಸಂಗತಿಗಳಲ್ಲಿ ಇಲಿ ತಕ್ಷಣ ಎಚ್ಚತ್ತು ತನ್ನ ಪಾಡಿಗೆ ತಾನು ಓಡಾಡುತ್ತದೆ. ನಿಜವಾದ ದೊಡ್ಡ ಫಿಟ್ಸ್ ಆದ ಮೇಲೆ ಹಾಗಾಗುವುದು ಅಪರೂಪ.

ಫಿಟ್ಸ್ ನಡೆಯುತ್ತಿರುವಾಗ ನಾನು ಏನು ಮಾಡಬೇಕು?

ಇಲಿಯನ್ನು ಹಿಡಿದು ಅದುಮಬೇಡಿ, ಬಾಯೊಳಗೆ ನೀರನ್ನಾಗಲಿ ಔಷಧವನ್ನಾಗಲಿ ಹಾಕಬೇಡಿ. ಪ್ರಜ್ಞೆಯಿಲ್ಲದ ಇಲಿಯ ಬಾಯಿಗೆ ಬಿದ್ದ ಹನಿ ಶ್ವಾಸಕೋಶಕ್ಕೆ ಇಳಿದರೆ ಫಿಟ್ಸಿಗಿಂತ ದೊಡ್ಡ ಅಪಾಯ ಎದುರಾಗುತ್ತದೆ. ಎತ್ತರದ ಜಗಲಿಯಲ್ಲಿದ್ದರೆ ಬಟ್ಟೆಯಲ್ಲಿ ಮೆಲ್ಲಗೆ ಆತು ಕೆಳಗಿಳಿಸಿ, ಸುತ್ತಲಿರುವ ಗಟ್ಟಿ ವಸ್ತುಗಳನ್ನೂ ನೀರಿನ ಬಟ್ಟಲನ್ನೂ ಸರಿಸಿ, ದೀಪ ಆರಿಸಿ, ಕೋಣೆಯನ್ನು ನಿಶ್ಶಬ್ದವಾಗಿಡಿ. ಗಡಿಯಾರ ನೋಡಿ. ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಚಿತ್ರೀಕರಿಸಲು ಹೇಳಿ. ನಿಮ್ಮ ಅಂದಾಜಿನಲ್ಲಿ ಐದು ನಿಮಿಷವೆನಿಸಿದ್ದು ಗಡಿಯಾರದಲ್ಲಿ ಬಹಳ ಸಲ ನಲವತ್ತು ಸೆಕೆಂಡೇ ಆಗಿರುತ್ತದೆ, ಮತ್ತು ಚಿಕಿತ್ಸೆಯ ನಿರ್ಧಾರ ಆ ವ್ಯತ್ಯಾಸದ ಮೇಲೇ ನಿಂತಿರುತ್ತದೆ.

ಸೆಳೆತ ನಿಂತ ಮೇಲೆ ಇಲಿಯನ್ನು ಮೆತ್ತನೆಯ ಬಟ್ಟೆ ಹಾಸಿದ, ಹತ್ತಲು ಏನೂ ಇಲ್ಲದ ಸಣ್ಣ ಪೆಟ್ಟಿಗೆಯಲ್ಲಿರಿಸಿ. ಅದು ಪೂರ್ತಿ ಎಚ್ಚತ್ತು, ತಾನಾಗಿ ನೆಕ್ಕಿ ನುಂಗುವ ಸ್ಥಿತಿಗೆ ಬಂದಮೇಲೆ ಮಾತ್ರ ಬೆರಳ ತುದಿಯಲ್ಲಿ ಒಂದಿಷ್ಟು ಸಕ್ಕರೆ ನೀರನ್ನು ನೆಕ್ಕಿಸಬಹುದು. ರಕ್ತದಲ್ಲಿ ಸಕ್ಕರೆ ಕುಸಿದಿದ್ದರೆ ಇದರಿಂದ ನೆರವಾಗುತ್ತದೆ; ಇಲ್ಲದಿದ್ದರೆ ಆ ಒಂದು ಹನಿಯಿಂದ ಹಾನಿಯೇನಿಲ್ಲ. ಸೆಕೆಯಲ್ಲಿ ಬಳಲಿ ಬಿದ್ದ ಇಲಿಯಾಗಿದ್ದರೆ ತಣ್ಣೀರಲ್ಲಿ ನೆನೆಸಿ ಹಿಂಡಿದ ಬಟ್ಟೆಯಿಂದ ಬಾಲವನ್ನೂ ಪಾದಗಳನ್ನೂ ಒರೆಸಿ. ಮಂಜುಗಡ್ಡೆಯ ನೀರಲ್ಲಿ ಮುಳುಗಿಸಬೇಡಿ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಸೆಳೆತ ಐದು ನಿಮಿಷ ದಾಟಿದರೆ, ಒಂದು ಫಿಟ್ಸಿನಿಂದ ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಬಂದರೆ, ಒಂದೇ ದಿನದಲ್ಲಿ ಎರಡು ಅಥವಾ ಹೆಚ್ಚು ಸಲ ಬಂದರೆ, ವಿಷ ತಿಂದಿರುವ ಇಲ್ಲವೇ ತಲೆಗೆ ಪೆಟ್ಟು ಬಿದ್ದಿರುವ ಅನುಮಾನವಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಆ ಗಳಿಗೆಯಲ್ಲೇ ಹೊರಡಿ. ಬಸುರಿ ಅಥವಾ ಹಾಲೂಡುತ್ತಿರುವ ತಾಯಿಗೆ ಬಂದ ಫಿಟ್ಸನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳಿ, ಏಕೆಂದರೆ ರಕ್ತದ ಕ್ಯಾಲ್ಸಿಯಂ ಕುಸಿದಿರಬಹುದು. ಒಂದೇ ಸಲ, ಒಂದು ನಿಮಿಷದೊಳಗೆ ಮುಗಿದು, ಇಲಿ ಸುಧಾರಿಸಿಕೊಂಡಿದ್ದರೆ ಮರುದಿನದ ಭೇಟಿ ಸಾಕು. ಆದರೆ ಆ ಭೇಟಿಯನ್ನು ತಪ್ಪಿಸಬೇಡಿ.

ಜೊತೆಯ ಇಲಿಗಳಿಂದ ದೂರ ಇಡಬೇಕೆ?

ಸೆಳೆತದ ಹೊತ್ತಿನಲ್ಲೂ ಮಂಕು ಕವಿದಿರುವ ಹೊತ್ತಿನಲ್ಲೂ ಇಡಬೇಕು. ವಿಚಿತ್ರವಾಗಿ ಅದುರುವ ಸಂಗಾತಿಯನ್ನು ಕಂಡು ಬೆದರಿದ ಇಲಿಗಳು ಕಚ್ಚುವುದುಂಟು, ಎಚ್ಚರ ತಪ್ಪಿರುವ ಇಲಿಯೂ ಗುರುತು ಸಿಗದೆ ಕಚ್ಚುವುದುಂಟು. ಪೂರ್ತಿ ಚೇತರಿಸಿಕೊಂಡ ಮೇಲೆ ಮತ್ತೆ ಒಟ್ಟಿಗೆ ಬಿಡಿ. ಇಲಿ ಗುಂಪಿನಲ್ಲಿ ಬದುಕುವ ಪ್ರಾಣಿ. ರೋಗಿಯೆಂದು ವಾರಗಟ್ಟಲೆ ಒಂಟಿಯಾಗಿರಿಸಿದರೆ ಅದು ಊಟ ಬಿಟ್ಟು ಸೊರಗುತ್ತದೆ.

ಫಿಟ್ಸಲ್ಲಿದ್ದಾಗ ಎತ್ತಲು ಹೋದೆ, ಕಚ್ಚಿಬಿಟ್ಟಿತು. ರೇಬೀಸ್ ಇರಬಹುದೇ?

ಇಲಿಯಂಥ ಸಣ್ಣ ದಂಶಕಗಳಲ್ಲಿ ರೇಬೀಸ್ ಸೋಂಕು ಕಾಣಸಿಗುವುದು ತೀರಾ ವಿರಳ, ಮನೆಯೊಳಗೇ ಬೆಳೆದ ಸಾಕು ಇಲಿಯಲ್ಲಂತೂ ಆ ಸಾಧ್ಯತೆ ಇನ್ನೂ ಕಡಿಮೆ. ಹಾಗೆಂದು ಗಾಯವನ್ನು ಕಡೆಗಣಿಸಬಾರದು. ಆರೋಗ್ಯವಂತ ಇಲಿಯ ಬಾಯಲ್ಲೂ ಇರಬಹುದಾದ ಸ್ಟ್ರೆಪ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದಿಂದ ಇಲಿಕಡಿತದ ಜ್ವರ ಬರುತ್ತದೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಿ. ರೇಬೀಸ್, ಧನುರ್ವಾಯು ಇವೆರಡರ ಲಸಿಕೆಯ ವಿಚಾರವನ್ನು ಅವರೇ ತೀರ್ಮಾನಿಸಲಿ. ಮುಂದಿನ ದಿನಗಳಲ್ಲಿ ಜ್ವರ, ಕೀಲುನೋವು, ಮೈಮೇಲೆ ಗುಳ್ಳೆಗಳು ಕಂಡರೆ ಇಲಿ ಕಚ್ಚಿದ ವಿಷಯವನ್ನು ಮರೆಯದೆ ಹೇಳಿ. ಅಂದಹಾಗೆ, ಅಪಸ್ಮಾರ, ಅಂದರೆ ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ, ಒಂದು ಇಲಿಯಿಂದ ಇನ್ನೊಂದಕ್ಕಾಗಲಿ ಮನುಷ್ಯರಿಗಾಗಲಿ ಅಂಟುವುದಿಲ್ಲ.

## ಫಿಟ್ಸಿನಂತೆ ಕಾಣುವ, ಆದರೆ ಫಿಟ್ಸ್ ಅಲ್ಲದ ಸಂಗತಿಗಳು

ತಲೆ ಸವರುವಾಗ ಹಲ್ಲು ಕಟಕಟ ಅಂತ ಕಡಿಯುತ್ತೆ, ಕಣ್ಣುಗುಡ್ಡೆ ಹೊರಗೆ ಒಳಗೆ ಕುಣಿಯುತ್ತೆ. ನನಗೆ ಭಯವಾಯಿತು.

ಭಯಪಡುವಂಥದ್ದೇನೂ ಇಲ್ಲ, ಹೊಸದಾಗಿ ಇಲಿ ಸಾಕಿದವರನ್ನು ಬೆಚ್ಚಿಬೀಳಿಸುವುದರಲ್ಲಿ ಇದಕ್ಕೇ ಮೊದಲ ಸ್ಥಾನ. ನೆಮ್ಮದಿಯಲ್ಲಿರುವ ಇಲಿ ಬಾಚಿಹಲ್ಲುಗಳನ್ನು ಒಂದಕ್ಕೊಂದು ಮಸೆಯುತ್ತದೆ. ದವಡೆಯನ್ನು ಆಡಿಸುವ ಸ್ನಾಯುವಿನ ಒಂದು ಭಾಗ ಕಣ್ಣುಗೂಡಿನ ಹಿಂದೆ ಹಾದುಹೋಗುವುದರಿಂದ ಹಲ್ಲು ಮಸೆದಾಗಲೆಲ್ಲ ಕಣ್ಣುಗುಡ್ಡೆಯೂ ಅದುರುತ್ತದೆ. ಆದರೆ ಮೂಲೆಯಲ್ಲಿ ಮುದುಡಿ ಕುಳಿತು, ರೋಮ ನಿಮಿರಿಸಿಕೊಂಡು ಹಲ್ಲು ಮಸೆಯುತ್ತಿದ್ದರೆ ಅದು ನೋವಿನ ಸೂಚನೆಯೂ ಆಗಿರಬಹುದು.

ಹೆಣ್ಣು ಇಲಿಯ ಬೆನ್ನು ಮುಟ್ಟಿದರೆ ಚಂಗನೆ ಹಾರಿ, ಸೆಟೆದು ನಿಂತು ಕಿವಿ ನಡುಗಿಸುತ್ತದೆ. ಇದೂ ಫಿಟ್ಸಿನ ಜಾತಿಯೇ?

ಅಲ್ಲ, ಅದು ಬೆದೆಯ ಲಕ್ಷಣ. ಹೆಣ್ಣು ಇಲಿಗೆ ನಾಲ್ಕೈದು ದಿನಗಳಿಗೊಮ್ಮೆ ಬೆದೆ ಬರುತ್ತದೆ, ಆಗ ಇಂಥ ವರ್ತನೆ ಕೆಲವು ಗಂಟೆಗಳ ಕಾಲ ಕಾಣುತ್ತದೆ. ನಿದ್ದೆಯಲ್ಲಿ ಮೀಸೆ, ಪಾದ, ಬಾಲದ ತುದಿ ತುಡಿಯುವುದು, ಮರಿಗಳಿಗೆ ಬಿಕ್ಕಳಿಕೆ ಬಂದು ಮೈ ಕುಲುಕುವುದು, ಕೆಂಪು ಕಣ್ಣಿನ ಇಲಿಗಳು ದೂರವನ್ನು ಅಂದಾಜಿಸಲು ತಲೆಯನ್ನು ಅತ್ತಿತ್ತ ತೂಗುವುದು ಇವೆಲ್ಲವೂ ಸಹಜವೇ. ನಿದ್ದೆಯ ತುಡಿತವೋ ಫಿಟ್ಸೋ ಎಂಬ ಅನುಮಾನ ಬಂದರೆ ಹೆಸರು ಹಿಡಿದು ಕರೆಯಿರಿ. ಮಲಗಿದ್ದ ಇಲಿ ಎಚ್ಚತ್ತು ನೋಡುತ್ತದೆ.

ತಲೆ ಒಂದು ಕಡೆ ವಾಲಿದೆ, ಎತ್ತಿದರೆ ಬುಗುರಿಯಂತೆ ಉರುಳುತ್ತದೆ. ಮೆದುಳಿಗೆ ಏನೋ ಆಗಿದೆಯೇ?

ಮೊದಲು ಅನುಮಾನಿಸಬೇಕಾದದ್ದು ಕಿವಿಯನ್ನು. ಇಲಿಗಳ ಉಸಿರಾಟದ ವ್ಯವಸ್ಥೆಯಲ್ಲಿ ಬೀಡುಬಿಡುವ ಮೈಕೋಪ್ಲಾಸ್ಮಾದಂಥ ಸೂಕ್ಷ್ಮಜೀವಿಗಳು ನಡುಗಿವಿಗೂ ಒಳಗಿವಿಗೂ ಹಬ್ಬಿದಾಗ ಸಮತೋಲನದ ಅಂಗ ಕೆಡುತ್ತದೆ. ಇಲಿ ತಲೆ ವಾಲಿಸುತ್ತದೆ, ವೃತ್ತಾಕಾರವಾಗಿ ಸುತ್ತುತ್ತದೆ, ಉರುಳುತ್ತದೆ. ಕಣ್ಣುಗುಡ್ಡೆಗಳು ಒಂದೇ ದಿಕ್ಕಿಗೆ ಜಗ್ಗಿದಂತೆ ಓಲಾಡುತ್ತವೆ. ಫಿಟ್ಸಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇಲ್ಲಿ ಇಲಿಗೆ ಪ್ರಜ್ಞೆ ಇರುತ್ತದೆ ಮತ್ತು ವಾಲಿಕೆ ಬಂದುಹೋಗದೆ ಗಂಟೆಗಟ್ಟಲೆ, ದಿನಗಟ್ಟಲೆ ಉಳಿಯುತ್ತದೆ. ಬೇಗನೆ ಸೋಂಕುನಿವಾರಕ ಮತ್ತು ಉರಿಯೂತ ತಗ್ಗಿಸುವ ಔಷಧ ಶುರುಮಾಡಿದರೆ ಅನೇಕ ಇಲಿಗಳು ಸುಧಾರಿಸುತ್ತವೆ. ತಲೆ ಸ್ವಲ್ಪ ವಾಲಿಕೊಂಡೇ ಉಳಿದರೂ ಅವು ಅದಕ್ಕೆ ಹೊಂದಿಕೊಂಡು ಚೆನ್ನಾಗಿ ಬಾಳುತ್ತವೆ. ತಡಮಾಡಿದರೆ ಇದೇ ಸೋಂಕು ಮೆದುಳಿನ ಪೊರೆಗೆ ಇಳಿದು ನಿಜವಾದ ಫಿಟ್ಸಿಗೂ ದಾರಿಮಾಡಬಹುದು.

ತಿನ್ನುತ್ತಿದ್ದಾಗ ಜೊಲ್ಲು ಸುರಿಸಿ, ಕುತ್ತಿಗೆ ಹಿಂದಕ್ಕೆಳೆದು ಹಿಂದೆ ಹಿಂದೆ ನಡೆಯಿತು.

ಅದು ಗಂಟಲಲ್ಲಿ ಆಹಾರ ಸಿಕ್ಕಿಕೊಂಡ ಲಕ್ಷಣ. ಇಲಿಗಳಿಗೆ ವಾಂತಿ ಮಾಡಲು ಆಗುವುದಿಲ್ಲವಾದ್ದರಿಂದ ಸಿಕ್ಕಿಕೊಂಡದ್ದನ್ನು ಜೊಲ್ಲಿನ ನೆರವಿನಿಂದಲೇ ಸರಿಪಡಿಸಿಕೊಳ್ಳಬೇಕು. ಉಸಿರಾಡುತ್ತಿದ್ದರೆ ಆಹಾರ, ನೀರು ತೆಗೆದಿಟ್ಟು ಸುಮ್ಮನೆ ಬಿಡಿ. ಬಾಯಿ ಪಾದಗಳು ನೀಲಿಗಟ್ಟಿದರೆ ತುರ್ತಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

## ಕಾರಣಗಳು

ಚೆನ್ನಾಗಿಯೇ ಇತ್ತು. ಏಕೆ ಬಂತು?

ಫಿಟ್ಸ್ ತಾನೇ ಒಂದು ರೋಗವಲ್ಲ; ಯಾವುದೋ ಒಂದು ಕಾರಣದ ಹೊರಗಿನ ಗುರುತು. ಕಾರಣವನ್ನು ಹುಡುಕಲು ಇಲಿಯ ವಯಸ್ಸಿನಿಂದ ಆರಂಭಿಸುವುದು ಅನುಕೂಲ. ಎರಡರಿಂದ ಮೂರು ವರ್ಷವಷ್ಟೇ ಬಾಳುವ ಪ್ರಾಣಿಯಲ್ಲಿ ಆರು ತಿಂಗಳೆಂದರೆ ಹರೆಯ, ಹದಿನೆಂಟು ತಿಂಗಳು ದಾಟಿತೆಂದರೆ ಮುಪ್ಪಿನ ಹೊಸ್ತಿಲು.

ಎಳೆಯ ಇಲಿಯಲ್ಲಿ ತಲೆಗೆ ಪೆಟ್ಟು, ವಿಷ, ಸೋಂಕು, ಹುಟ್ಟಿನಿಂದ ಬಂದ ಅಪಸ್ಮಾರ ಇವುಗಳನ್ನು ಮೊದಲು ಯೋಚಿಸಬೇಕು. ವಯಸ್ಸಾದ ಇಲಿಯಲ್ಲಿ ಮೆದುಳಿನ ಅಥವಾ ಅದರ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗಡ್ಡೆ, ಪಾರ್ಶ್ವವಾಯು, ಮೂತ್ರಪಿಂಡ ಸೋತು ರಕ್ತದಲ್ಲಿ ಕಲ್ಮಶ ಶೇಖರವಾಗುವುದು, ಯಕೃತ್ತಿನ ವೈಫಲ್ಯ ಇವು ಮುಂದೆ ಬರುತ್ತವೆ. ಮುಪ್ಪಿನಲ್ಲಿ ಮೂತ್ರಪಿಂಡ ಸವೆಯುವುದು ಇಲಿಗಳಲ್ಲಿ, ಅದರಲ್ಲೂ ಗಂಡಿಲಿಗಳಲ್ಲಿ, ಬಹಳ ಸಾಮಾನ್ಯ. ಹೆಚ್ಚು ನೀರು ಕುಡಿಯುತ್ತಿದೆ, ತೂಕ ಇಳಿಯುತ್ತಿದೆ ಎಂಬುದು ನಿಮಗೆ ಮೊದಲೇ ಗೊತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಯಾವ ವಯಸ್ಸಿನಲ್ಲಾದರೂ ಶಾಖಾಘಾತ, ರಕ್ತದಲ್ಲಿ ಸಕ್ಕರೆಯ ಕುಸಿತ, ತೀವ್ರ ನ್ಯುಮೋನಿಯಾದಿಂದ ಮೆದುಳಿಗೆ ಆಮ್ಲಜನಕದ ಕೊರತೆ ಇವು ಫಿಟ್ಸ್ ತರಬಲ್ಲವು. ಹೃದಯ ಕ್ಷಣಕಾಲ ಸೋತು ಇಲಿ ಕುಸಿದುಬೀಳುವುದೂ ಫಿಟ್ಸಿನಂತೆಯೇ ಕಾಣುತ್ತದೆ, ಆದರೆ ಅದರಲ್ಲಿ ಮೈ ಸೆಟೆಯುವುದಕ್ಕಿಂತ ಸಡಿಲವಾಗುವುದೇ ಹೆಚ್ಚು. ಇಷ್ಟೆಲ್ಲವನ್ನೂ ಹುಡುಕಿ ಏನೂ ಸಿಗದೆ, ಫಿಟ್ಸ್‌ಗಳ ನಡುವೆ ಇಲಿ ಪೂರ್ತಿ ಆರೋಗ್ಯವಾಗಿದ್ದರೆ ಆಗ ಅದನ್ನು ಕಾರಣ ತಿಳಿಯದ ಅಪಸ್ಮಾರ ಎನ್ನುತ್ತಾರೆ.

ಕೀಲಿಗೊಂಚಲು ಝಣಗುಟ್ಟಿದರೆ ಹುಚ್ಚೆದ್ದು ಓಡಿ ಬೀಳುತ್ತದೆ. ಸದ್ದಿನಿಂದ ಫಿಟ್ಸ್ ಬರುತ್ತದೆಯೇ?

ಬರುತ್ತದೆ. ಇಲಿಗಳಲ್ಲಿ ಇದು ದಶಕಗಳಿಂದ ಅಧ್ಯಯನಕ್ಕೊಳಗಾದ ವಿಷಯ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಕೇಳಿದರೆ ಇಲಿಯ ಕಿವಿ 70 ಕಿಲೋಹರ್ಟ್ಸನ್ನೂ ಮೀರಿದ ಸದ್ದನ್ನು ಗ್ರಹಿಸುತ್ತದೆ. ಕೀಲಿಗೊಂಚಲಿನ ಝಣತ್ಕಾರದಲ್ಲಿ ನಮಗೆ ಕೇಳದ ಅತಿ ಎತ್ತರದ ಸ್ವರಗಳಿವೆ. ವಂಶದಲ್ಲೇ ಈ ಪ್ರವೃತ್ತಿಯಿರುವ ಇಲಿಗಳಲ್ಲಿ ಮೆದುಳಿನ ಕಾಂಡದಲ್ಲಿರುವ ಶ್ರವಣಕೇಂದ್ರಗಳು ಇಂಥ ಸದ್ದಿಗೆ ಮಿತಿಮೀರಿ ಕೆರಳುತ್ತವೆ. ಮೊದಲು ಹುಚ್ಚು ಓಟ, ಆಮೇಲೆ ಬೀಳುವುದು, ಕೊನೆಗೆ ಮೈ ಸೆಟೆಯುವುದು ಎಂಬ ಕ್ರಮವೇ ಇದರ ಗುರುತು. ಮಾಸ್ಕೋದಲ್ಲಿ ಬೆಳೆಸಿದ ಕ್ರುಶಿನ್‌ಸ್ಕಿ–ಮೊಲೊಡ್ಕಿನಾ ಎಂಬ ಇಲಿತಳಿ ಈ ಗುಣಕ್ಕಾಗಿಯೇ ಪ್ರಸಿದ್ಧವಾಗಿದೆ.

ಇಂಥ ಇಲಿಗೆ ಮದ್ದಿಗಿಂತ ಮನೆಯ ಶಿಸ್ತೇ ಹೆಚ್ಚು ಉಪಕಾರಿ. ಕೀಲಿಗಳನ್ನು ಬಟ್ಟೆಚೀಲದಲ್ಲಿಡಿ, ಲೋಹದ ಪಾತ್ರೆಗಳನ್ನು ಪಂಜರದ ಬಳಿ ಬಡಿಯಬೇಡಿ, ಪಂಜರದ ಪಕ್ಕ ಟಿವಿ, ಧ್ವನಿವರ್ಧಕ ಇಡಬೇಡಿ. ಇಲಿ, ಜಿರಲೆಗಳನ್ನು ಓಡಿಸಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಅಲ್ಟ್ರಾಸೌಂಡ್ ಸಾಧನವನ್ನಂತೂ ಸಾಕು ಇಲಿಯಿರುವ ಮನೆಯಲ್ಲಿ ಇಡಲೇಕೂಡದು. ಅದು ನಮ್ಮ ಕಿವಿಗೆ ಬೀಳದಿದ್ದರೂ ಇಲಿಗೆ ಹಗಲಿರುಳೂ ಕೇಳಿಸುತ್ತಿರುತ್ತದೆ.

ಎರಡು ವರ್ಷದ ಹೆಣ್ಣಿಲಿ. ಮುಂಗಾಲಲ್ಲಿ ತಿಂಡಿ ಹಿಡಿದುಕೊಳ್ಳಲು ಆಗುತ್ತಿಲ್ಲ, ಈಗ ಫಿಟ್ಸೂ ಬಂತು.

ಈ ಚಿತ್ರವನ್ನು ಕೇಳಿದೊಡನೆ ಅನುಭವಿ ವೈದ್ಯರಿಗೆ ನೆನಪಾಗುವುದು ಪಿಟ್ಯುಟರಿ ಗಡ್ಡೆ. ವಯಸ್ಸಾದ ಹೆಣ್ಣಿಲಿಗಳಲ್ಲಿ ಇದು ಆಗಾಗ ಕಾಣಿಸಿಕೊಳ್ಳುತ್ತದೆ. ಬಹುಪಾಲು ಗಡ್ಡೆಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತವೆ. ಗಡ್ಡೆ ಬೆಳೆದು ಮೆದುಳನ್ನು ಒತ್ತಿದಂತೆ ಇಲಿ ಮುಂಗಾಲುಗಳನ್ನು ಸೆಟೆದು ಚಾಚುತ್ತದೆ, ತಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುವ ಚಾಕಚಕ್ಯತೆ ಕಳೆದುಕೊಳ್ಳುತ್ತದೆ, ಗೋಡೆಗೆ ಇಲ್ಲವೇ ನಿಮ್ಮ ಅಂಗೈಗೆ ತಲೆ ಒತ್ತುತ್ತದೆ, ಮೈ ಸ್ವಚ್ಛಮಾಡಿಕೊಳ್ಳುವುದನ್ನು ಬಿಡುತ್ತದೆ. ಕೆಲವಕ್ಕೆ ಸ್ತನಗಳಲ್ಲಿ ಗಡ್ಡೆಯೂ ಜೊತೆಗಿರುತ್ತದೆ.

ಪಾರ್ಶ್ವವಾಯುವೂ ಹೀಗೆಯೇ ಕಾಣಬಹುದು, ಆದರೆ ಅದು ಗಂಟೆಯೊಳಗೆ ಅಪ್ಪಳಿಸಿ ಮುಂದಿನ ದಿನಗಳಲ್ಲಿ ಅಷ್ಟಿಷ್ಟು ಸುಧಾರಿಸುತ್ತದೆ. ಗಡ್ಡೆ ವಾರಗಳ ಅವಧಿಯಲ್ಲಿ ಇಳಿಮುಖವಾಗಿ ಒಯ್ಯುತ್ತದೆ. ಪ್ರೆಡ್ನಿಸೊಲೋನಿನಂಥ ಸ್ಟೀರಾಯ್ಡ್ ಕೊಟ್ಟಾಗ ಗಡ್ಡೆಯ ಸುತ್ತಲಿನ ಬಾವು ಇಳಿದು ಇಲಿ ಕೆಲವು ದಿನ, ಕೆಲವು ವಾರ ಹೊಸ ಚೈತನ್ಯ ಪಡೆಯುತ್ತದೆ. ಪ್ರೊಲ್ಯಾಕ್ಟಿನನ್ನು ತಗ್ಗಿಸುವ ಕ್ಯಾಬರ್ಗೋಲಿನ್ ಎಂಬ ಔಷಧದಿಂದ ಗಡ್ಡೆಯೇ ಕುಗ್ಗಿದ ಉದಾಹರಣೆಯಿದೆ. ಪೂರ್ತಿ ವಾಸಿಯ ಭರವಸೆ ಕೊಡಲಾಗದಿದ್ದರೂ, ಹೀಗೆ ಸಿಗುವ ಒಂದೆರಡು ತಿಂಗಳು ಇಲಿಯ ಆಯುಸ್ಸಿನ ಅಳತೆಯಲ್ಲಿ ಚಿಕ್ಕದಲ್ಲ. ಎಳೆ ವಯಸ್ಸಿನಲ್ಲೇ ಅಂಡಾಶಯ ತೆಗೆಸಿದ ಹೆಣ್ಣಿಲಿಗಳಲ್ಲಿ ಪಿಟ್ಯುಟರಿ ಗಡ್ಡೆಯೂ ಸ್ತನದ ಗಡ್ಡೆಯೂ ಬಹಳ ಕಡಿಮೆ ಎಂಬುದು ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಹೊಸ ಹೆಣ್ಣಿಲಿಯನ್ನು ತರುವವರು ಈ ಶಸ್ತ್ರಚಿಕಿತ್ಸೆಯ ಬಗ್ಗೆ ಮೊದಲೇ ಯೋಚಿಸುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ.

ಏನಾದರೂ ವಿಷ ತಿಂದಿರಬಹುದೇ? ಹುಳದ ಔಷಧ ಹಾಕಿದ ಮರುದಿನವೇ ಬಂತು.

ಎರಡೂ ಸಾಧ್ಯ. ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್, ಬ್ರೋಮೆಥಾಲಿನ್ ಇರುವ ಇಲಿಪಾಷಾಣ, ಆರ್ಗನೊಫಾಸ್ಫೇಟ್ ಕೀಟನಾಶಕಗಳು, ಹಳೆಯ ಬಣ್ಣದ ಚಕ್ಕೆಯಲ್ಲಿರುವ ಸೀಸ, ಹೆಚ್ಚು ಪ್ರಮಾಣದ ಕಪ್ಪು ಚಾಕೊಲೇಟ್, ಟೀ ಟ್ರೀ ಎಣ್ಣೆ ಇವೆಲ್ಲ ನರಮಂಡಲವನ್ನು ಕೆಡಿಸುತ್ತವೆ. ನುಸಿಗೆ ಕೊಡುವ ಐವರ್ಮೆಕ್ಟಿನ್ ಸರಿಯಾದ ಪ್ರಮಾಣದಲ್ಲಿ ಸುರಕ್ಷಿತ. ಆದರೆ ದನ, ಕುದುರೆಗಳಿಗೆಂದು ತಯಾರಾದ ಸಾಂದ್ರ ಔಷಧವನ್ನು ಅಂದಾಜಿನಲ್ಲಿ ತೊಟ್ಟಿಕ್ಕಿಸಿದಾಗ ಇಲಿಗೆ ನಡುಕ, ತೂರಾಟ, ಫಿಟ್ಸ್ ಬರುತ್ತವೆ. ವಾಂತಿ ಮಾಡಿಸುವ ಪ್ರಯತ್ನ ಇಲಿಯಲ್ಲಿ ವ್ಯರ್ಥವೂ ಅಪಾಯಕರವೂ ಆದದ್ದು. ತಿಂದ ವಸ್ತುವಿನ ಡಬ್ಬವನ್ನೋ ಲೇಬಲ್ಲನ್ನೋ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಮೈಮೇಲೆ ಹಚ್ಚಿದ ಔಷಧವಾಗಿದ್ದರೆ, ಇಲಿಗೆ ಎಚ್ಚರವಿದ್ದರೆ, ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಿ ಬೆಚ್ಚಗಿರಿಸಿ ಕರೆದೊಯ್ಯಿರಿ.

## ಪತ್ತೆ

ವೈದ್ಯರ ಬಳಿ ಹೋಗುವಾಗ ಏನೇನು ತೆಗೆದುಕೊಂಡು ಹೋಗಲಿ?

ಎಲ್ಲಕ್ಕಿಂತ ಮುಖ್ಯವಾದದ್ದು ವಿಡಿಯೊ. ಪರೀಕ್ಷೆಯ ಮೇಜಿನ ಮೇಲೆ ಕುಳಿತ ಇಲಿ ಬಹುಪಾಲು ಚುರುಕಾಗಿಯೇ ಇರುತ್ತದೆ, ಮತ್ತು ಇಷ್ಟು ಚಿಕ್ಕ ಪ್ರಾಣಿಯಲ್ಲಿ ಮಾಡಬಹುದಾದ ಪರೀಕ್ಷೆಗಳಿಗೆ ಮಿತಿಯಿರುವುದರಿಂದ ಅರ್ಧ ನಿಮಿಷದ ಚಿತ್ರೀಕರಣ ಅನೇಕ ಸಲ ಪ್ರಯೋಗಾಲಯದ ವರದಿಗಿಂತ ಹೆಚ್ಚನ್ನು ಹೇಳುತ್ತದೆ. ಎರಡನೆಯದು ಒಂದು ಚಿಕ್ಕ ಪುಸ್ತಕ: ದಿನಾಂಕ, ಗಂಟೆ, ಎಷ್ಟು ಸೆಕೆಂಡು, ಅದಕ್ಕೆ ಮೊದಲು ಏನು ಮಾಡುತ್ತಿತ್ತು, ಯಾವ ಭಾಗದಿಂದ ಅದುರಲು ಆರಂಭವಾಯಿತು, ಮಂಕು ಎಷ್ಟು ಹೊತ್ತು ಉಳಿಯಿತು, ಆ ವಾರದ ತೂಕವೆಷ್ಟು.

ತೀವ್ರತೆಯನ್ನು ಬರೆದಿಡಲು ಒಂದು ಸಿದ್ಧ ಅಳತೆಗೋಲೂ ಇದೆ. ರೊನಾಲ್ಡ್ ರೆಸೀನ್ ಎಂಬ ಸಂಶೋಧಕರು 1972ರಲ್ಲಿ ಇಲಿಗಳ ಫಿಟ್ಸನ್ನು ಐದು ಹಂತಗಳಾಗಿ ವಿಂಗಡಿಸಿದರು. ಬಾಯಿ ಮತ್ತು ಮುಖದ ಚಲನೆ ಒಂದನೆಯದು. ತಲೆ ಕುಣಿಸುವುದು ಎರಡನೆಯದು. ಮುಂಗಾಲಿನ ಅದುರು ಮೂರನೆಯದು. ಹಿಂಗಾಲ ಮೇಲೆ ಎದ್ದು ನಿಲ್ಲುವುದು ನಾಲ್ಕನೆಯದು. ಎದ್ದು ನಿಂತು ಬೀಳುವುದು ಐದನೆಯದು. ಪ್ರಯೋಗಾಲಯಕ್ಕಾಗಿ ರೂಪುಗೊಂಡ ಈ ಕ್ರಮ ಮನೆಯ ದಾಖಲೆಗೂ ಚೆನ್ನಾಗಿ ಒಗ್ಗುತ್ತದೆ. "ಜೋರಾಗಿ ಬಂತು" ಎಂದು ಬರೆಯುವ ಬದಲು "ಮೂರನೆಯ ಹಂತ, 35 ಸೆಕೆಂಡು" ಎಂದು ಬರೆದರೆ ಔಷಧದಿಂದ ಗುಣ ಕಂಡಿತೋ ಇಲ್ಲವೋ ಎಂಬುದು ತಿಂಗಳ ಕೊನೆಗೆ ತಾನೇ ತಿಳಿಯುತ್ತದೆ.

ಇಷ್ಟು ಪುಟ್ಟ ಪ್ರಾಣಿಗೆ ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಮಾಡಲು ಆಗುತ್ತದೆಯೇ?

ಆಗುತ್ತದೆ, ಆದರೆ ಅಳೆದು ತೂಗಿ. ಇಲಿಯ ಮೈಯಲ್ಲಿ ಪ್ರತಿ 100 ಗ್ರಾಂ ತೂಕಕ್ಕೆ ಸುಮಾರು 6ರಿಂದ 7 ಮಿಲಿಲೀಟರ್ ರಕ್ತವಿರುತ್ತದೆ. ಆರೋಗ್ಯವಂತ ಇಲಿಯಲ್ಲೂ ಅದರ ಹತ್ತನೆಯ ಒಂದು ಪಾಲಿಗಿಂತ ಹೆಚ್ಚನ್ನು ಒಮ್ಮೆಗೇ ತೆಗೆಯುವುದಿಲ್ಲ. ಹೀಗಾಗಿ ವೈದ್ಯರು ಒಂದೇ ಹನಿಯಲ್ಲಿ ಆಗುವ ಗ್ಲೂಕೋಸ್ ಪರೀಕ್ಷೆಯಿಂದ ಆರಂಭಿಸಿ, ಮೂತ್ರಪಿಂಡ, ಯಕೃತ್ತು, ಕ್ಯಾಲ್ಸಿಯಂ ಇವುಗಳತ್ತ ಹೋಗುತ್ತಾರೆ. ಕಿವಿಯೊಳಗೆ ಇಣುಕಿ ನೋಡುವುದು, ಎದೆಯ ಎಕ್ಸ್‌ರೇ, ಹೃದಯದ ಅಲ್ಟ್ರಾಸೌಂಡ್ ಇವು ಮುಂದಿನ ಹೆಜ್ಜೆಗಳು.

ಗಡ್ಡೆಯನ್ನು ಕಣ್ಣಾರೆ ಕಾಣಲು ಎಂಆರ್‌ಐ ಅಥವಾ ಸಿಟಿ ಸ್ಕ್ಯಾನೇ ಬೇಕು, ಅದಕ್ಕೆ ಅರಿವಳಿಕೆಯೂ ಬೇಕು. ಸ್ಕ್ಯಾನಿನ ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದಿಲ್ಲವಾದರೆ ಅದನ್ನು ಬಿಟ್ಟುಬಿಡುವುದರಲ್ಲಿ ತಪ್ಪಿಲ್ಲ. ಲಕ್ಷಣಗಳನ್ನು ಆಧರಿಸಿ ಸ್ಟೀರಾಯ್ಡನ್ನೋ ಸೋಂಕುನಿವಾರಕವನ್ನೋ ಕೆಲವು ದಿನ ಕೊಟ್ಟು, ಇಲಿ ಹೇಗೆ ಸ್ಪಂದಿಸುತ್ತದೆಂದು ನೋಡಿ ಕಾರಣವನ್ನು ಊಹಿಸುವುದು ಇಲಿಗಳ ವೈದ್ಯದಲ್ಲಿ ಒಪ್ಪಿತವಾದ ಮಾರ್ಗ. ಇದನ್ನು ಕೆಲವರು ಕಣ್ಣುಕಟ್ಟಿ ಮಾಡುವ ಚಿಕಿತ್ಸೆ ಎಂದು ದೂರುತ್ತಾರೆ. ದಾಖಲೆಪುಸ್ತಕ ಸರಿಯಾಗಿದ್ದರೆ ಹಾಗಾಗುವುದಿಲ್ಲ.

ಅರಿವಳಿಕೆಗೆ ಮುಂಚೆ ರಾತ್ರಿಯಿಡೀ ಉಪವಾಸ ಇಡಬೇಕೆ?

ಬೇಡ. ವಾಂತಿ ಮಾಡಲಾಗದ ಪ್ರಾಣಿಗೆ ನಾಯಿ, ಬೆಕ್ಕುಗಳಿಗೆ ಹೇಳುವ ದೀರ್ಘ ಉಪವಾಸದ ಅಗತ್ಯವಿಲ್ಲ. ಬದಲಿಗೆ ಅದರಿಂದ ರಕ್ತದ ಸಕ್ಕರೆ ಕುಸಿದು ಫಿಟ್ಸ್ ಬರುವ ಅಪಾಯವೇ ಹೆಚ್ಚುತ್ತದೆ. ಬಾಯಲ್ಲಿ ಆಹಾರ ಉಳಿಯದಂತೆ ಎಷ್ಟು ಹೊತ್ತು ಮುಂಚೆ ತಿಂಡಿ ತೆಗೆಯಬೇಕೆಂದು ವೈದ್ಯರನ್ನೇ ಕೇಳಿ.

## ಚಿಕಿತ್ಸೆ

ಒಂದೇ ಸಲ ಬಂದಿದೆ. ಈಗಲೇ ಔಷಧ ಶುರುಮಾಡಬೇಕೆ?

ಸಾಮಾನ್ಯವಾಗಿ ಬೇಡ. ಒಂದೇ ಒಂದು ಚಿಕ್ಕ ಫಿಟ್ಸ್ ಬಂದು ಮತ್ತೆಂದೂ ಬಾರದ ಇಲಿಗಳಿವೆ, ದಿನವೂ ಕೊಡಬೇಕಾದ ಔಷಧಕ್ಕೆ ತನ್ನದೇ ಆದ ಭಾರವೂ ಇದೆ. ತಿಂಗಳಿಗೊಮ್ಮೆಗಿಂತ ಹೆಚ್ಚು ಬರುತ್ತಿದ್ದರೆ, ದಿನೇ ದಿನೇ ಉದ್ದವಾಗುತ್ತಿದ್ದರೆ, ಗುಂಪುಗುಂಪಾಗಿ ಬರುತ್ತಿದ್ದರೆ, ಆಮೇಲಿನ ಮಂಕು ಗಂಟೆಗಟ್ಟಲೆ ಉಳಿಯುತ್ತಿದ್ದರೆ ಔಷಧ ಆರಂಭಿಸುವುದು ಸರಿ. ನಾಯಿಗಳ ವಿಷಯದಲ್ಲಿ ಇನ್ನೂ ಕೆಲವು ತಿಂಗಳು ಕಾದು ನೋಡೋಣ ಎನ್ನಬಹುದಾದಲ್ಲಿ, ಆಯುಸ್ಸೇ ಮೂವತ್ತು ತಿಂಗಳಿರುವ ಇಲಿಯ ವಿಷಯದಲ್ಲಿ ಅಷ್ಟು ಕಾಯುವುದನ್ನು ನಾನು ಒಪ್ಪುವುದಿಲ್ಲ. ಕಾರಣ ಗೊತ್ತಾಗಿದ್ದರೆ ಮೊದಲು ಆ ಕಾರಣಕ್ಕೇ ಚಿಕಿತ್ಸೆಯಾಗಬೇಕು.

ಯಾವ ಔಷಧಗಳನ್ನು ಕೊಡುತ್ತಾರೆ?

ನಡೆಯುತ್ತಿರುವ ಫಿಟ್ಸನ್ನು ನಿಲ್ಲಿಸಲು ಡಯಾಜೆಪಾಮ್ ಅಥವಾ ಮಿಡಾಜೋಲಾಮ್ ಬಳಸುತ್ತಾರೆ. ಪದೇ ಪದೇ ದೀರ್ಘ ಫಿಟ್ಸ್ ಬರುವ ಇಲಿಗಳಿಗೆ, ಮನೆಯಲ್ಲೇ ಮೂಗಿನೊಳಗೆ ಅಥವಾ ಗುದದ್ವಾರದ ಮೂಲಕ ಹಾಕಲು ಅಳತೆಮಾಡಿದ ಪ್ರಮಾಣವನ್ನು ವೈದ್ಯರು ಮೊದಲೇ ತುಂಬಿಕೊಡುವುದುಂಟು. ಹೇಗೆ ಹಾಕಬೇಕೆಂದು ಅವರ ಮುಂದೆಯೇ ಕಲಿತುಕೊಳ್ಳಿ.

ದಿನನಿತ್ಯದ ಔಷಧಗಳಲ್ಲಿ ಫಿನೋಬಾರ್ಬಿಟಾಲ್ ಹಳೆಯದು, 1912ರಿಂದ ಮನುಷ್ಯರ ಅಪಸ್ಮಾರಕ್ಕೆ ಬಳಕೆಯಲ್ಲಿರುವಂಥದ್ದು. ಮೊದಲ ವಾರಗಳಲ್ಲಿ ಇಲಿ ತೂಕಡಿಸುತ್ತದೆ, ಹಿಂಗಾಲು ತೂರಾಡುತ್ತದೆ, ಹಸಿವು ಬಾಯಾರಿಕೆ ಹೆಚ್ಚುತ್ತವೆ. ಬಹುಪಾಲು ಇಲಿಗಳಲ್ಲಿ ಇವು ಮೆಲ್ಲಗೆ ಕಡಿಮೆಯಾಗುತ್ತವೆ. ಯಕೃತ್ತಿನ ಮೇಲೆ ಹೊರೆ ಬೀಳುವುದರಿಂದ ಯಕೃತ್ತು ಸೊರಗಿದ ಇಲಿಗೆ ಇದು ಹೊಂದುವುದಿಲ್ಲ. ಲೆವೆಟಿರಾಸಿಟಾಮ್ ಹೊಸ ತಲೆಮಾರಿನದು, ಮಂಪರು ಕಡಿಮೆ, ಯಕೃತ್ತಿಗೂ ಸಲೀಸು. ಆದರೆ ಇಲಿಯ ಮೈಯಿಂದ ಅದು ಬೇಗನೆ ಹೊರಹೋಗುವುದರಿಂದ ದಿನಕ್ಕೆ ಹಲವು ಸಲ ಕೊಡಬೇಕಾಗುತ್ತದೆ, ಮತ್ತು ಅದು ಮೂತ್ರಪಿಂಡದ ಮೂಲಕ ಹೋಗುವುದರಿಂದ ಮೂತ್ರಪಿಂಡ ಸವೆದ ಮುದಿ ಇಲಿಯಲ್ಲಿ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ನಿಮ್ಮ ದಿನಚರಿಯಲ್ಲಿ ಎಷ್ಟು ಸಲ ಔಷಧ ಕೊಡಲು ಸಾಧ್ಯವೆಂಬುದನ್ನು ಸಂಕೋಚವಿಲ್ಲದೆ ಹೇಳಿ, ಔಷಧದ ಆಯ್ಕೆ ಅದನ್ನೂ ಅವಲಂಬಿಸಿದೆ. ಪೊಟ್ಯಾಸಿಯಂ ಬ್ರೋಮೈಡ್ ರಕ್ತದಲ್ಲಿ ನೆಲೆಗೊಳ್ಳಲು ಬಹಳ ಕಾಲ ಹಿಡಿಯುವುದರಿಂದ ಅಲ್ಪಾಯುಷಿಯಾದ ಇಲಿಗೆ ಅದು ಮೊದಲ ಆಯ್ಕೆಯಾಗುವುದಿಲ್ಲ.

ಮನೆಯಲ್ಲಿ ಮಗುವಿನ ಫಿಟ್ಸ್ ಸಿರಪ್ ಇದೆ. ಒಂದು ಹನಿ ಕೊಡಬಹುದೇ?

ಕೊಡಬೇಡಿ. ಔಷಧದ ಹೆಸರು ಒಂದೇ ಆಗಿದ್ದರೂ ಸಾಂದ್ರತೆ ಬೇರೆ, ಜೊತೆಗೆ ಬೆರೆಸಿದ ದ್ರವವೂ ಬೇರೆ. ಫಿನೋಬಾರ್ಬಿಟಾಲಿನ ಕೆಲವು ಸಿರಪ್‌ಗಳಲ್ಲಿ ಮದ್ಯಸಾರ ಇರುತ್ತದೆ. ಅದು ಔಷಧದ ಮಂಪರನ್ನು ಹೆಚ್ಚಿಸಿ ಉಸಿರಾಟವನ್ನೇ ಕುಗ್ಗಿಸಬಹುದು.

ಔಷಧ ಕಂಡರೆ ಸಾಕು, ಬಾಯಿ ಬಿಗಿಹಿಡಿಯುತ್ತದೆ. ಹೇಗೆ ಕುಡಿಸಲಿ?

ಫಿನೋಬಾರ್ಬಿಟಾಲ್ ಕಹಿ, ಇಲಿಯ ನಾಲಿಗೆ ಬಲು ಚುರುಕು. ಒಮ್ಮೆ ಮೋಸಹೋದ ತಿಂಡಿಯನ್ನು ಅದು ವಾರಗಟ್ಟಲೆ ಮುಟ್ಟುವುದಿಲ್ಲ. ಹಾಗಾಗಿ ದಿನದ ಊಟದಲ್ಲಿ ಬೆರೆಸಬೇಡಿ, ನೀರಿನ ಬಾಟಲಿಯಲ್ಲಂತೂ ಹಾಕಲೇಬೇಡಿ. ಎಷ್ಟು ಒಳಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಕೆಲವು ದಿನ ಔಷಧವಿಲ್ಲದ ಸಿಹಿಯನ್ನೇ ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜಿನಿಂದ ನೆಕ್ಕಿಸಿ ಅಭ್ಯಾಸ ಮಾಡಿಸಿ. ಆಮೇಲೆ ಔಷಧವನ್ನು ಅಂಗೈಯಲ್ಲಿ ಹಿಡಿಸುವಷ್ಟು ಕಡಿಮೆ, ವಾಸನೆ ಗಾಢವಾಗಿರುವ ಮೆದು ಆಹಾರದಲ್ಲಿ ಬೆರೆಸಿ ಕೊಟ್ಟು, ಅಷ್ಟೂ ಮುಗಿಯುವವರೆಗೆ ಪಕ್ಕದಲ್ಲೇ ಇರಿ. ಅದೂ ಆಗದಿದ್ದರೆ ಬಟ್ಟೆಯಲ್ಲಿ ಸುತ್ತಿ, ಬಾಯಿಯ ಪಕ್ಕದಿಂದ ಹನಿಹನಿಯಾಗಿ ಬಿಡಿ.

ಎರಡು ತಿಂಗಳಿಂದ ಫಿಟ್ಸ್ ಇಲ್ಲ. ಔಷಧ ನಿಲ್ಲಿಸಲೇ?

ನೀವಾಗಿಯೇ ನಿಲ್ಲಿಸಬೇಡಿ. ಮೆದುಳು ಔಷಧಕ್ಕೆ ಒಗ್ಗಿಕೊಂಡಿರುತ್ತದೆ. ಫಿನೋಬಾರ್ಬಿಟಾಲನ್ನು ಹಠಾತ್ತನೆ ಬಿಡಿಸಿದರೆ ಮೊದಲಿಗಿಂತ ಭೀಕರವಾದ, ನಿಲ್ಲದ ಫಿಟ್ಸ್ ಬರಬಹುದು. ಬಿಡಿಸಲೇಬೇಕಾದರೆ ವೈದ್ಯರು ವಾರಗಳ ಅವಧಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಒಂದು ಹೊತ್ತಿನ ಔಷಧ ತಪ್ಪಿದರೆ ನೆನಪಾದ ಕೂಡಲೇ ಕೊಡಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಎರಡು ಹೊತ್ತಿನದನ್ನು ಸೇರಿಸಿ ಕೊಡಬೇಡಿ.

ಉಸಿರಾಟದ ಸೋಂಕಿಗೂ ಔಷಧ ನಡೆಯುತ್ತಿದೆ. ಎರಡೂ ಒಟ್ಟಿಗೆ ಕೊಡಬಹುದೇ?

ಇದು ಕೇಳಲೇಬೇಕಾದ ಪ್ರಶ್ನೆ, ಬಹಳ ಮಂದಿ ಕೇಳದೆ ಬಿಡುವ ಪ್ರಶ್ನೆ. ಸಾಕು ಇಲಿಗಳ ಉಸಿರಾಟದ ಸೋಂಕಿಗೆ ಎನ್ರೋಫ್ಲಾಕ್ಸಸಿನ್ ಮತ್ತು ಡಾಕ್ಸಿಸೈಕ್ಲಿನ್ ಜೋಡಿಯನ್ನು ಕೊಡುವುದು ವಾಡಿಕೆ. ಎನ್ರೋಫ್ಲಾಕ್ಸಸಿನ್ ಸೇರಿರುವ ಔಷಧವರ್ಗಕ್ಕೆ ಫಿಟ್ಸ್ ಬರುವ ಮಿತಿಯನ್ನು ತಗ್ಗಿಸುವ ಗುಣವಿದೆ. ಇನ್ನೊಂದೆಡೆ ಫಿನೋಬಾರ್ಬಿಟಾಲ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಡಾಕ್ಸಿಸೈಕ್ಲಿನ್, ಪ್ರೆಡ್ನಿಸೊಲೋನ್ ಎರಡನ್ನೂ ಬೇಗ ಕರಗಿಸಿ, ಅವುಗಳ ಬಲ ಕುಂದಿಸುತ್ತದೆ. ನೋವಿಗೆ ಕೊಡುವ ಟ್ರಮಡಾಲ್ ಕೂಡ ಫಿಟ್ಸಿಗೆ ಪ್ರಚೋದನೆಯಾಗಬಲ್ಲದು. ಇದರರ್ಥ ಈ ಔಷಧಗಳು ನಿಷಿದ್ಧವೆಂದಲ್ಲ. ಉಸಿರಾಟದ ಸೋಂಕನ್ನು ಹಾಗೇ ಬಿಟ್ಟರೆ ಆಮ್ಲಜನಕದ ಕೊರತೆಯಿಂದಲೇ ಫಿಟ್ಸ್ ಹೆಚ್ಚಬಹುದು. ಇಲಿಗೆ ಕೊಡುತ್ತಿರುವ ಎಲ್ಲ ಔಷಧಗಳ ಪಟ್ಟಿ ಒಬ್ಬರೇ ವೈದ್ಯರ ಮುಂದಿರಬೇಕು.

ಔಷಧ ಕೊಟ್ಟರೂ ಬರುತ್ತಲೇ ಇದೆ. ಚಿಕಿತ್ಸೆ ಸೋತಿತೇ?

ಫಿಟ್ಸ್ ಒಂದೂ ಬಾರದಿರುವುದಷ್ಟೇ ಗೆಲುವಲ್ಲ. ವಾರಕ್ಕೆ ನಾಲ್ಕು ಬರುತ್ತಿದ್ದದ್ದು ತಿಂಗಳಿಗೊಂದಾಗಿ, ಐದನೆಯ ಹಂತದ್ದು ಎರಡನೆಯದಕ್ಕಿಳಿದರೆ ಅದು ಒಳ್ಳೆಯ ಫಲಿತಾಂಶ. ಹಾಗಾಗದಿದ್ದಾಗ ಮೊದಲು ನೋಡಬೇಕಾದದ್ದು ಔಷಧ ನಿಜವಾಗಿ ಒಳಹೋಗುತ್ತಿದೆಯೇ, ಬಾಟಲಿಯನ್ನು ಪ್ರತಿಸಲ ಕುಲುಕಲಾಗುತ್ತಿದೆಯೇ, ಇಲಿಯ ತೂಕ ಬದಲಾದಂತೆ ಪ್ರಮಾಣವೂ ಬದಲಾಗಿದೆಯೇ ಎಂಬುದನ್ನು. ಆಮೇಲೆ ಪ್ರಮಾಣ ಏರಿಸುವ, ಎರಡನೆಯ ಔಷಧ ಸೇರಿಸುವ, ಕಾರಣವನ್ನೇ ಮತ್ತೆ ಪರಿಶೀಲಿಸುವ ಮಾತು. ಒಂದೂವರೆ ವರ್ಷದ ನಂತರ ಮೊದಲ ಸಲ ಫಿಟ್ಸ್ ಬಂದು ಔಷಧಕ್ಕೆ ಬಗ್ಗದಿದ್ದರೆ ಗಡ್ಡೆಯ ಅನುಮಾನ ಬಲವಾಗುತ್ತದೆ.

## ಮುಂದಿನ ದಿನಗಳು

ಪಂಜರದಲ್ಲಿ ಏನು ಬದಲಾಯಿಸಬೇಕು?

ಎತ್ತರವನ್ನು ತಗ್ಗಿಸಿ. ಮಹಡಿಗಳ ನಡುವೆ ಬಟ್ಟೆಯ ಜೋಲಿಗಳನ್ನು ಕಟ್ಟಿದರೆ ಬಿದ್ದರೂ ಪೆಟ್ಟಾಗುವುದಿಲ್ಲ. ನೀರಿಗೆ ಬಟ್ಟಲಿನ ಬದಲು ಬಾಟಲಿ ಇಡಿ, ಕಾಲು ಸಿಕ್ಕಿಕೊಳ್ಳುವ ತಂತಿನೆಲವನ್ನು ಮುಚ್ಚಿ, ಊಟದ ಹೊತ್ತು ತಪ್ಪಿಸಬೇಡಿ. ಇಲಿ ಬೆವರುವುದಿಲ್ಲ, ಮುಖ್ಯವಾಗಿ ಬಾಲದ ಮೂಲಕ ಶಾಖವನ್ನು ಹೊರಹಾಕುತ್ತದೆ. ಕೋಣೆಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ತಂಪುಮಾಡುವ ಏರ್ಪಾಡು ಬೇಕು.

ಫಿಟ್ಸ್ ಬಂದ ಇಲಿಯಿಂದ ಮರಿ ಮಾಡಿಸಬಹುದೇ?

ಮಾಡಿಸಬಾರದು. ಅಪಸ್ಮಾರದ ಪ್ರವೃತ್ತಿ ಇಲಿಗಳಲ್ಲಿ ವಂಶಪಾರಂಪರ್ಯವಾಗಿ ಇಳಿದುಬರುತ್ತದೆ. ಅದರ ಒಡಹುಟ್ಟುಗಳನ್ನು ಸಾಕಿದವರಿಗೂ ಸುದ್ದಿ ಮುಟ್ಟಿಸಿ.

ದಯಾಮರಣದ ಬಗ್ಗೆ ಯಾವಾಗ ಯೋಚಿಸಬೇಕು?

ಫಿಟ್ಸ್‌ಗಳ ಸಂಖ್ಯೆಯೊಂದನ್ನೇ ನೋಡಿ ಇದನ್ನು ನಿರ್ಧರಿಸಲಾಗುವುದಿಲ್ಲ. ಎರಡು ಫಿಟ್ಸ್‌ಗಳ ನಡುವಿನ ದಿನಗಳು ಹೇಗಿವೆ ಎಂದು ನೋಡಿ: ಇಲಿ ತಾನಾಗಿ ತಿನ್ನುತ್ತದೆಯೇ, ಸಂಗಾತಿಗಳ ಮಗ್ಗುಲಲ್ಲಿ ಮಲಗುತ್ತದೆಯೇ, ನಿಮ್ಮ ದನಿಗೆ ಹೊರಗೆ ಬರುತ್ತದೆಯೇ, ಮೈ ನೆಕ್ಕಿಕೊಳ್ಳುತ್ತದೆಯೇ. ಇವೆಲ್ಲ ಒಂದೊಂದಾಗಿ ನಿಂತು, ಔಷಧವೂ ಕೈಕೊಟ್ಟು, ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳೇ ಹೆಚ್ಚಾದಾಗ ವೈದ್ಯರೊಡನೆ ಮಾತಾಡುವ ಹೊತ್ತು ಬಂದಿದೆ. ಮೊದಲು ಐಸೋಫ್ಲುರೇನಿನಂಥ ಅರಿವಳಿಕೆ ಅನಿಲದಿಂದ ಪೂರ್ತಿ ನಿದ್ದೆ ಬರಿಸಿ, ಆಮೇಲೆಯೇ ಚುಚ್ಚುಮದ್ದು ಕೊಡುವಂತೆ ಕೇಳಿಕೊಳ್ಳಿ. ನೀವು ಜೊತೆಗಿರಲು ಬಯಸಿದರೆ ಅದನ್ನೂ ಮೊದಲೇ ಹೇಳಿ.

ಸತ್ತ ಮೇಲಾದರೂ ಕಾರಣ ತಿಳಿಯಬಹುದೇ?

ಅನೇಕ ಸಲ ತಿಳಿಯುತ್ತದೆ. ಪಿಟ್ಯುಟರಿ ಗಡ್ಡೆ, ಮೆದುಳಿನ ಕೀವುಗಡ್ಡೆ, ರಕ್ತಸ್ರಾವ ಇವು ಮರಣೋತ್ತರ ಪರೀಕ್ಷೆಯಲ್ಲಿ ಕಾಣಸಿಗುತ್ತವೆ. ಉಳಿದ ಇಲಿಗಳು ಅದೇ ವಂಶದವಾಗಿದ್ದರೆ, ಅದೇ ಪಂಜರದಲ್ಲಿದ್ದರೆ ಆ ಮಾಹಿತಿಗೆ ಬೆಲೆಯಿದೆ. ಪರೀಕ್ಷೆ ಮಾಡಿಸುವುದಾದರೆ ದೇಹವನ್ನು ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಕೆಳಭಾಗದಲ್ಲಿರಿಸಿ, ಆದಷ್ಟು ಬೇಗ, ಒಂದು ದಿನದೊಳಗೆ, ತಲುಪಿಸಿ. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದ ನೀರು ಜೀವಕೋಶಗಳನ್ನು ಒಡೆದುಹಾಕುವುದರಿಂದ ಸೂಕ್ಷ್ಮದರ್ಶಕದಡಿ ಮೆದುಳಿನ ಅಂಗಾಂಶವನ್ನು ಓದಲು ಕಷ್ಟವಾಗುತ್ತದೆ.